ರೊಟ್ಟಿ ಗಾಡಿಗೆ ಯಾವ ಎಣ್ಣೆ?

ಜನವರಿ ೬, ೨೦೨೫, ಸೋಮವಾರ

ಗದಗಿನ ಹೋಲ್‌ಸೇಲ್ ಕಿರಾಣಿಯವರು ಈ ವರ್ಷವೂ ಡೈರಿ ಕಳಿಸಿದ್ದಾರೆ. ಬೆಟಗೇರಿಯ ನಮ್ಮ ಗಾಣ ದೀಪಾವಳಿಗೇ ನಿಂತದ್ದು ಅವರಿಗೆ ತಿಳಿದಿಲ್ಲ ಅಂತ ಕಾಣುತ್ತದೆ. ಸೇಂಗಾ ಎಷ್ಟು ಬಂತು, ಎಣ್ಣೆ ಎಷ್ಟು ಹೋಯಿತು, ಹಿಂಡಿ ಯಾರು ಒಯ್ದರು ಅಂತ ವರ್ಷಗಟ್ಟಲೆ ಇಂಥ ಡೈರಿಗಳಲ್ಲಿ ಬರೆದವನು ನಾನು. ಈಗ ಏನು ಬರೆಯಲಿ? ಬೆಳಗ್ಗೆ ಎದ್ದೆ, ಚಹಾ ಕುಡಿದೆ, ಹೆಂಡತಿಯಿಂದ ಮಾತು ಕೇಳಿಸಿಕೊಂಡೆ. ಅದನ್ನೇ ಬರೆಯುತ್ತೇನೆ. ಓದುವವರು ಯಾರೂ ಇಲ್ಲ, ಗದಿಗೆವ್ವನಿಗೆ ತನ್ನ ಕನ್ನಡಕ ಎಂದೂ ಸಿಗುವುದಿಲ್ಲ.

ಗಾಣ ನಿಂತ ಮೇಲೆ ನಾನು ಕುಳಿತೆ, ಅವಳು ಎದ್ದಳು. ಗಾಣದ ಶೆಡ್ಡಿನಲ್ಲಿ ಈಗ ಎರಡು ಒಲೆ ಹೂಡಿದ್ದಾಳೆ. ಅವಳು, ಕೆಲಸಕ್ಕೆ ಬರುವ ದುರಗವ್ವ ಇಬ್ಬರೂ ಬೆಳಗಾಗುವ ಮೊದಲೇ ಕೂತು ಖಡಕ್ ರೊಟ್ಟಿ ಬಡಿಯುತ್ತಾರೆ. ಅವು ಶಿರಹಟ್ಟಿ, ಲಕ್ಷ್ಮೇಶ್ವರದ ಖಾನಾವಳಿಗಳಿಗೆ ಹೋಗುತ್ತವೆ. ಇಷ್ಟು ದಿನ ಬಸ್ಸಿನಲ್ಲಿ ಕಳಿಸುತ್ತಿದ್ದಳು, ಅರ್ಧ ದಾರಿಯಲ್ಲೇ ಪುಡಿಯಾಗುತ್ತಿದ್ದವು. ಅದಕ್ಕೆ ಇವತ್ತು ತನ್ವೀರನನ್ನು ಕರೆಸಿದ್ದಳು. ನಮ್ಮ ಓಣಿಯ ತುದಿಯವನು, ಎರಡು ಮಕ್ಕಳ ತಂದೆ, ಟೆಂಪೋ ಇಟ್ಟಿದ್ದಾನೆ, ಯಾವಾಗ ನೋಡಿದರೂ ಹಲ್ಲು ಕಿರಿಯುತ್ತಿರುತ್ತಾನೆ.

ನನಗೆ ಮೈಯೆಲ್ಲ ಉರಿಯಿತು. "ಮನ್ಯಾಗ ನಮ್ಮ ಬೈಕ್ ಗಾಡಿ ನಿಂತೈತಿ. ಟೆಂಪೋ ಯಾಕ ಬೇಕು?" ಅಂದೆ.

"ಗಾಡಿ ನಿಂತೈತಿ, ಗಾಡಿ ಹೊಡ್ಯಾವ್ರೂ ಕುಂತಾರ" ಅಂದಳು ಗದಿಗೆವ್ವ. ದುರಗವ್ವ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಹಂಗಾದ್ರ ನೀವ ಒಯ್ರಿ. ಶಿವರಾತ್ರಿ ತನಕ ನೋಡ್ತೀನಿ. ರೊಟ್ಟಿ ಮುರದ್ರ, ಹೊತ್ತು ತಪ್ಪಿದ್ರ, ಶಿವರಾತ್ರಿಗೆ ತನ್ವೀರಗ ಹೇಳೋದ ಹೇಳೋದು."

ನನಗೆ ಪರೀಕ್ಷೆ! ನಾಲ್ಕು ತಾಲೂಕಿಗೆ ಎಣ್ಣೆ ಕೊಟ್ಟ ಶಿವಯೋಗಿ ಸಾವಕಾರನಿಗೆ! ಆದರೂ ಆತು ಅಂದೆ. ಇಲ್ಲಿ ಬರೆಯಲು ನಾಚಿಕೆ ಏನು, ಈ ಕೆಲಸವೂ ಹೋದರೆ ಬೆಳಗ್ಗೆ ಎದ್ದು ನಾನು ಎಲ್ಲಿಗೆ ಹೋಗಲಿ? ಗುಡಿಯ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರ ಚಪ್ಪಲಿ ನೋಡುವುದು ನನ್ನಿಂದ ಆಗುವುದಿಲ್ಲ.

ಜನವರಿ ೯, ಗುರುವಾರ

ಮೊದಲ ಸವಾರಿ. ಎರಡೂ ಬದಿಗೆ ಅವಳ ರೊಟ್ಟಿ ಬುಟ್ಟಿ, ನಡುವೆ ನಾನು. ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಹೋದೆ, ಚಳಿ ಅಂತ ಹೇಳಿದೆ. ಲಕ್ಷ್ಮೇಶ್ವರದ ಖಾನಾವಳಿಯವನು ಟವೆಲ್ಲಿನೊಳಗೂ ಗುರುತು ಹಿಡಿದು, "ಏನ್ರಿ ಸಾವಕಾರ್ರ, ಎಣ್ಣಿ ಬಿಟ್ಟು ರೊಟ್ಟಿಗೆ ಬಂದ್ರಿ?" ಅಂದ. ನನ್ನವಲ್ಲ, ನಮ್ಮ ಮನೆಯವಳವು, ನಾನು ಈ ಕಡೆ ಬೇರೆ ಕೆಲಸಕ್ಕೆ ಬಂದಿದ್ದೆ ಅಂದೆ. ಬೇರೆ ಕೆಲಸ ಏನೂ ಇರಲಿಲ್ಲ.

ಬರುವಾಗ ಮಾಗಡಿ ಕೆರೆಯ ದಂಡೆಗೆ ನಿಂತೆ. ಹೊರದೇಶದ ಬಾತುಗಳು ಈ ಸಲ ಬಹಳ ಬಂದಿವೆ. ಅವಕ್ಕೂ ಮಾಡಲು ಕೆಲಸವಿಲ್ಲ.

ಜನವರಿ ೧೩, ಸೋಮವಾರ

ಭೋಗಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲರಿಗೂ ಬೇಕು. ಎರಡು ಸಲ ಶಿರಹಟ್ಟಿ, ಒಂದು ಸಲ ಲಕ್ಷ್ಮೇಶ್ವರ. ಸೊಂಟ ನನ್ನದೋ ಪರರದೋ ತಿಳಿಯುತ್ತಿಲ್ಲ.

ಜನವರಿ ೧೯, ಭಾನುವಾರ

ಗಾಡಿ ಎರಡು ದಿನದಿಂದ ಗೊರಗೊರ ಅನ್ನುತ್ತಿತ್ತು. ಮಲ್ಲಸಮುದ್ರದ ಹುಚ್ಚೀರಪ್ಪ ಬಂದಿದ್ದ. ನನ್ನ ಸಾಲಿಮನೆ ಕಾಲದ ಗೆಳೆಯ, ಎರಡು ಟ್ರ್ಯಾಕ್ಟರಿನ ಒಡೆಯ, ಹಾಗಾಗಿ ಇಂಜಿನ್ ಇರುವುದೆಲ್ಲ ತನಗೆ ಗೊತ್ತು ಅನ್ನುವ ಹುಂಬ. "ಲೇ ಶಿವಯೋಗಿ, ಇಂಜಿನ್ ಎಣ್ಣಿ ಯಾವಾಗ ಬದಲ ಮಾಡಿದ್ದಿ?" ಅಂದ. ನೆನಪಾಗಲಿಲ್ಲ. ಕೆಳಗಿನ ಬೋಲ್ಟು ಬಿಚ್ಚಿ ತಾಟಿಗೆ ಇಳಿಸಿದೆವು. ಕಾಡಿಗೆಯಂತೆ ಕರ್ರಗೆ ಬಂತು, ಅದೂ ಇಷ್ಟೇ ಇಷ್ಟು. ನನ್ನ ಕೈಯಲ್ಲಿ ಇಂಥ ಎಣ್ಣೆ! ನೆಲ ಬಿರಿದಿದ್ದರೆ ಒಳಗೆ ಹೋಗುತ್ತಿದ್ದೆ.

ಹೊಸ ಎಣ್ಣೆ ಯಾವುದು ಹಾಕಬೇಕು ಅಂತ ಹುಚ್ಚೀರಪ್ಪ ಭಾಷಣ ಶುರು ಮಾಡಿದ. ಬಾಯಿ ಮುಚ್ಚು ಅಂದೆ. ಎಣ್ಣೆಯ ವಿಷಯದಲ್ಲಿ ನನಗೆ ಹೇಳಿಕೊಡುವ ಗಂಡಸು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಒಂದು ಹನಿ ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು ಅದು ಹೇಗೆ ನಿಲ್ಲುತ್ತದೆ ನೋಡಬೇಕು. ಎರಡು ಬೆರಳಲ್ಲಿ ತಿಕ್ಕಬೇಕು. ಮೂಸಬೇಕು. ಆಮೇಲೆ ಬಿಳಿ ಅರಿವೆಗೆ ಹಚ್ಚಿ ಬಿಸಿಲಿಗೆ ಹಿಡಿಯಬೇಕು. ಇಷ್ಟರಲ್ಲಿ ಎಣ್ಣೆ ತನ್ನ ಜಾತಕವನ್ನೆಲ್ಲ ಹೇಳಿಬಿಡುತ್ತದೆ. ಸೇಂಗಾ ಆದರೇನು, ಇಂಜಿನ್ನಿನದಾದರೇನು, ಎಣ್ಣೆ ಎಣ್ಣೆಯೇ.

ಹುಚ್ಚೀರಪ್ಪ ತನ್ನ ಟ್ರ್ಯಾಕ್ಟರಿನ ಡಬ್ಬಿಯಿಂದ ಒಂದಿಷ್ಟು ತಂದಿದ್ದ. ಉಗುರಿನ ಮೇಲೆ ಬಿಟ್ಟೆ. ಹರಳೆಣ್ಣೆಯ ಹಾಗೆ ಅಲ್ಲಾಡದೆ ನಿಂತಿತು. ಗಟ್ಟಿ ಎಣ್ಣೆ, ಕಲಬೆರಕೆ ಇಲ್ಲ. ಹಾಕಿದೆ. ಹುಚ್ಚೀರಪ್ಪನಿಗೆ ಒಮ್ಮೆಯಾದರೂ ಸರಿಯಾದದ್ದು ತರುವ ಬುದ್ಧಿ ಬಂತಲ್ಲ ಅಂತ ಸಂತೋಷವಾಯಿತು.

ಜನವರಿ ೨೧, ಮಂಗಳವಾರ

ಬೆಳಗಿನ ಚಳಿಗೆ ಗಾಡಿ ಚಾಲೂ ಆಗಲು ಒಲ್ಲೆ ಅಂತು. ಒದ್ದು ಒದ್ದು ಕಾಲು ಸೋತಿತು. ಹೊರಟ ಮೇಲೆ ಗೇರು ಬಿದ್ದಾಗಲೆಲ್ಲ ದಡಕ್ ಅಂತ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಗಾಡಿ ದಡಕ್ ಅಂದರೆ ಬುಟ್ಟಿಯಲ್ಲಿ ಕಟಕ್ ಅನ್ನುತ್ತದೆ. ಶಿರಹಟ್ಟಿ ಮುಟ್ಟುವಷ್ಟರಲ್ಲಿ ಎಷ್ಟು ಕಟಕ್ ಕೇಳಿದೆನೋ.

ಮುರಿದವನ್ನು ಖಾನಾವಳಿಯವನು ವಾಪಸು ಕೊಟ್ಟ. ಗದಿಗೆವ್ವ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ನನ್ನ ತಾಟಿಗೆ ಆ ಚೂರುಗಳನ್ನೇ ಹಾಕಿ ಮೇಲೆ ಮಜ್ಜಿಗೆ ಹೊಯ್ದಳು. ರಾತ್ರಿಯೂ ಅದೇ. ಅವಳು ಬೈದಿದ್ದರೆ ಬೈಗುಳ ತಿಂದು ಮುಗಿಸುತ್ತಿದ್ದೆ. ಈ ಚೂರುಗಳು ಮುಗಿಯುವ ಹಾಗೆ ಕಾಣುವುದಿಲ್ಲ.

ಜನವರಿ ೨೪, ಶುಕ್ರವಾರ

ಟ್ರ್ಯಾಕ್ಟರ್ ಎಣ್ಣೆ ಇಳಿಸಿಬಿಟ್ಟೆ. ತಪ್ಪು ನನ್ನದಲ್ಲ, ಹುಚ್ಚೀರಪ್ಪನದು. ಅದು ದಪ್ಪ ಎಣ್ಣೆ, ದೊಡ್ಡ ಇಂಜಿನ್ನಿಗೆ ಸರಿ, ನನ್ನ ಸಣ್ಣ ಗಾಡಿಗೆ ಕುತ್ತಿಗೆಗೆ ಬಂತು. ಈ ಸಲ ನಾನೇ ಗದಗಿನ ಅಂಗಡಿಗೆ ಹೋದೆ. ಗೋಡೆ ತುಂಬ ಡಬ್ಬಿಗಳು, ಕೆಂಪು, ನೀಲಿ, ಬಂಗಾರದ ಬಣ್ಣ, ಎಲ್ಲದರ ಮೇಲೂ ಏನೇನೋ ಅಂಕಿ.

"ಯಾವ ಗಾಡಿಗೆ ಬೇಕ್ರಿ?" ಅಂದ ಅಂಗಡಿಯವನು.

"ಗಾಡಿ ಮಾತು ಬಿಡು. ಎಣ್ಣಿ ತೋರ್ಸು" ಅಂದೆ.

"ಡಬ್ಬಿ ಒಡದು ತೋರ್ಸಾಕ ಬರಂಗಿಲ್ರಿ. ಅಂಕಿ ನೋಡಿ ಒಯ್ಯಬೇಕು."

"ಅಂಕಿ ಮೂಸಿದ್ರ ವಾಸನಿ ಬರ್ತೈತೇನು?"

ಹಿಂದೆ ನಿಂತ ಗಿರಾಕಿಗಳು ನಕ್ಕರು. ಅವನು ಸೋತು, ಬಳಸಿ ಉಳಿದ ಡಬ್ಬಿಗಳ ತಳದಲ್ಲಿದ್ದದ್ದನ್ನು ಒಂದೊಂದು ಹನಿ ಕೊಟ್ಟ. ನಾನು ಸಾವಕಾಶ ನೋಡುತ್ತ ಹೋದೆ. ಒಂದು ಸಿಕ್ಕಿತು ನೋಡು! ಜೇನಿನ ಬಣ್ಣ, ನೀರಿನ ಹಗುರ. ಬೆರಳಿಗೆ ಬೆರಳು ತಿಕ್ಕಿದರೆ ಎರಡು ಬೆರಳಿವೆ ಅನ್ನುವುದೇ ತಿಳಿಯುವುದಿಲ್ಲ, ಅಷ್ಟು ಜಾರು. ಜನ್ಮದಲ್ಲಿ ಇಂಥ ನುಣುಪು ನೋಡಿರಲಿಲ್ಲ.

"ಅದು ಕಾರಿಂದ್ರಿ" ಅಂದ.

"ಕಾರಿಗೆ ಹಾಕೋದು ನನ್ನ ಗಾಡಿಗೆ ಕಡಿಮಿ ಆಕ್ಕೈತೇನು? ಕೊಡು" ಅಂದೆ.

ಅವನು ಮತ್ತೇನೋ ಹೇಳಲು ಬಾಯಿ ತೆರೆದ. ನಾನು ಡಬ್ಬಿ ಹಿಡಿದು ಹೊರಗೆ ಬಂದಾಗಿತ್ತು.

ಜನವರಿ ೨೫, ಶನಿವಾರ

ಆಹಾ! ಗೇರು ಬಿದ್ದದ್ದು ಗೊತ್ತಾಗಲಿಲ್ಲ, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ. ಕಟಕ್ ಇಲ್ಲ, ದಡಕ್ ಇಲ್ಲ. ಲಕ್ಷ್ಮೇಶ್ವರದವನು ಬುಟ್ಟಿ ಬಿಚ್ಚಿ, ಇವತ್ತೇನು ಹೊತ್ತುಕೊಂಡು ನಡೆದು ಬಂದಿರೇನು ಅಂದ. ದಾರಿಯುದ್ದಕ್ಕೂ ಹಾಡಿದೆ. ನನ್ನ ಹಾಡು ಕೇಳಿ ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು.

ಇವತ್ತು ತಾಟಿಗೆ ಇಡೀ ರೊಟ್ಟಿ ಬಿತ್ತು. ಜೊತೆಗೆ ಎಣಗಾಯಿ ಪಲ್ಯ, ಕೆನೆಮೊಸರು. "ಏನ್ ಹಾಕೀರಿ ಗಾಡಿಗೆ?" ಅಂತ ಗದಿಗೆವ್ವ ಕೇಳಿದಳು. "ಎಣ್ಣಿ ಆರಸೋದಂದ್ರ ಸುಮ್ನ ಅಲ್ಲ" ಅಂದೆ. ಮತ್ತೇನೂ ಹೇಳಲಿಲ್ಲ. ಗೆದ್ದವರು ಹೆಚ್ಚು ಮಾತಾಡಬಾರದು.

ಫೆಬ್ರವರಿ ೩, ಸೋಮವಾರ

ಪೆಟ್ರೋಲಿನಲ್ಲಿ ಕಲಬೆರಕೆ ಮಾಡುತ್ತಿದ್ದಾರೆ, ಸಂಶಯವೇ ಇಲ್ಲ. ಎಕ್ಸಲೇಟರ್ ತಿರುವಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ನಿಧಾನ. ಇಲ್ಲವೇ ಗಾಳಿ ಎದುರಿನದಿರಬೇಕು. ಹೋಗುವಾಗಲೂ ಎದುರು, ಬರುವಾಗಲೂ ಎದುರು.

ಶಿರಹಟ್ಟಿಯ ಖಾನಾವಳಿಯಲ್ಲಿ ಒಬ್ಬ ಗಿರಾಕಿ ರೊಟ್ಟಿ ದಪ್ಪ ಅಂದ. ತಡೆಯಲಾಗಲಿಲ್ಲ. ನಮ್ಮ ರೊಟ್ಟಿ ದಪ್ಪ ಅನ್ನುವವನು ಕಣ್ಣು ತೋರಿಸಿಕೊಂಡು ಬರಲಿ ಅಂದೆ. ರೊಟ್ಟಿಯನ್ನು ಬಿಸಿಲಿಗೆ ಹಿಡಿದು ತೋರಿಸಿದೆ, ಅವನ ಮೂಗು ಆ ಕಡೆಯಿಂದ ಕಾಣಿಸಿತು. ಸುಮ್ಮನೆ ಉಂಡು ಎದ್ದುಹೋದ.

ಫೆಬ್ರವರಿ ೯, ಭಾನುವಾರ

ದೊಡ್ಡ ಖಬರು. ಮುಂಡರಗಿಯ ಅಮೀನಬಿ ಫೋನು ಮಾಡಿದ್ದಳು. ನಮ್ಮ ಗಾಣದ ಹಳೆಯ ಗಿರಾಕಿ, ನಮ್ಮ ಎಣ್ಣೆಯಲ್ಲದೆ ಬೇರೆಯದರಲ್ಲಿ ಒಗ್ಗರಣೆ ಹಾಕಿದವಳಲ್ಲ. ಮೊಮ್ಮಗಳು ಅಲ್ಫಿಯಾಳ ಮಂಗನಿ, ಅಂದರೆ ನಿಶ್ಚಯ, ಬರುವ ಭಾನುವಾರ. ಗಂಡಿನ ಕಡೆಯವರು ವಿಜಯಪುರದವರು, ರೊಟ್ಟಿ ವಿಷಯದಲ್ಲಿ ಬಹಳ ತಪ್ಪು ಹುಡುಕುವ ಮಂದಿಯಂತೆ. "ಒಂದ ರೊಟ್ಟಿನೂ ಮುರದಿರಬಾರದು ನೋಡವ್ವ, ಬೀಗರ ಮುಂದ ಮಾನ ಹೋಗ್ತೈತಿ. ನೀವಿಬ್ಬರೂ ಊಟಕ್ಕ ಬರಬೇಕು" ಅಂದಳಂತೆ.

ಗದಿಗೆವ್ವ ನನ್ನನ್ನೇ ನೋಡುತ್ತ, "ತನ್ವೀರಗ ಹೇಳ್ಲೇನು?" ಅಂದಳು.

"ಅವನ ಟೆಂಪೋದಾಗ ಉಳ್ಳಾಗಡ್ಡಿ ಒಯ್ಯಲಿ" ಅಂದೆ. "ಈ ಊಟಕ್ಕ ನಾ ಒಯ್ಯಾವ."

"ದಾರ್ಯಾಗ ಕೈ ಕೊಟ್ರ?"

"ಕೊಟ್ರ ಶಿವರಾತ್ರಿ ತನಕ ಕಾಯಬ್ಯಾಡ. ಅವತ್ತ ತನ್ವೀರಗ ಕೊಟ್ಟುಬಿಡು ಕೆಲಸ."

ಅಂದೆ, ಅಂದ ಮೇಲೆ ಹೋಗಿ ಗಾಡಿಯನ್ನು ಒಮ್ಮೆ ಸುತ್ತಿ ನೋಡಿ ಬಂದೆ. ಗಾಡಿ ಈ ವಾರ ಇನ್ನೂ ಹೆಚ್ಚು ಕೂಗುತ್ತಿದೆ. ಮೊನ್ನೆ ತನ್ವೀರ ಪಕ್ಕದಲ್ಲೇ ಟೆಂಪೋ ತಂದು, "ಸಾವಕಾರ್ರ, ಗಾಡಿ ಕೂಗಾಕತ್ತೈತಿ, ಓಡವಲ್ದು!" ಅಂತ ಹಲ್ಲು ಕಿರಿದ. ನಿನ್ನ ಟೆಂಪೋ ನೋಡಿಕೋ ಅಂದೆ. ಹುಚ್ಚೀರಪ್ಪ ಬಂದು ಕ್ಲಚ್ಚಿನ ತಂತಿ ಎಳೆದು ಬಿಗಿಮಾಡಿದ, ಸಡಿಲು ಮಾಡಿದ, ಮತ್ತೆ ಬಿಗಿಮಾಡಿದ, ಕಡೆಗೆ ಚಹಾ ಕುಡಿದು ಹೋದ.

ಫೆಬ್ರವರಿ ೧೫, ಶನಿವಾರ

ಶೆಡ್ಡಿನಲ್ಲಿ ಇಡೀ ದಿನ ಟಪಟಪ ಟಪಟಪ. ನಾನೂ ಕೂತು ರೊಟ್ಟಿ ಬಿಸಿಲಿಗೆ ಹರವಿದೆ, ಮಗುಚಿದೆ, ಕಾಗೆ ಕಾಯ್ದೆ. ದುರಗವ್ವ, "ಸಾವಕಾರ್ರ ಕೈ ಹಗುರ ಐತಿ" ಅಂದಳು. ಇಷ್ಟು ಚಲೋ ಮಾತು ಈಚೆಗೆ ಯಾರೂ ಆಡಿರಲಿಲ್ಲ.

ಫೆಬ್ರವರಿ ೧೭, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಬಹಳ ಇದೆ.

ಬೆಳಗ್ಗೆ ಹೊರಟೆವು. ಎರಡು ಬದಿಗೆ ಎರಡು ಬುಟ್ಟಿ ಕಟ್ಟಿದೆ. ಗದಿಗೆವ್ವ ಹಿಂದೆ ಕುಳಿತು ಮೂರನೆಯದನ್ನು ತೊಡೆಯ ಮೇಲೆ ಕೂಸಿನ ಹಾಗೆ ಅವಚಿಕೊಂಡಿದ್ದಳು. ಶಿರಹಟ್ಟಿಯಲ್ಲಿ ಖಾನಾವಳಿಯ ಬಾಕಿ ರೊಟ್ಟಿ ಇಳಿಸುವುದಿತ್ತು, ಅಲ್ಲಿಂದ ಕಪ್ಪತಗುಡ್ಡದ ದಾರಿ ಹಿಡಿದೆವು. ಬಯಲಿನಲ್ಲಿ ಗಾಡಿ ಹೇಗೋ ಬಂತು. ಏರು ಶುರುವಾಯಿತು ನೋಡು, ಇಂಜಿನ್ ಗಂಟಲು ಹರಿಯುವ ಹಾಗೆ ಕೂಗುತ್ತದೆ, ಚಕ್ರ ಮಾತ್ರ ಬಾಣಂತಿ ನಡೆದ ಹಾಗೆ. ಇನ್ನಷ್ಟು ತಿರುವಿದೆ. ಇನ್ನಷ್ಟು ಕೂಗಿತು. ಆಮೇಲೆ ನಿಂತೇಬಿಟ್ಟಿತು. ಇಂಜಿನ್ ಅಲ್ಲ, ಗಾಡಿ. ಇಂಜಿನ್ ಇನ್ನೂ ಕೂಗುತ್ತಲೇ ಇತ್ತು.

ಗದಿಗೆವ್ವ ಇಳಿದಳು. ನಾನೂ ಇಳಿದೆ. ಅತ್ತ ಅಮೀನಬಿಯ ಮನೆಯಲ್ಲಿ ಬೀಗರು ಬರುವ ಹೊತ್ತು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಗೇರಿನಲ್ಲಿಟ್ಟು, ಹಿಂದಿನ ಬ್ರೇಕು ಒತ್ತಿ ಹಿಡಿದು ಕ್ಲಚ್ಚು ಬಿಟ್ಟೆ. ಇಂಜಿನ್ ಆರಬೇಕಿತ್ತು, ಆರಲಿಲ್ಲ. ಒಳಗೆ ಅದು ತಿರುಗುತ್ತಿದೆ, ಇಲ್ಲಿ ಚಕ್ರ ನಿಂತಿದೆ. ನಾವಿಬ್ಬರೂ ಬಗ್ಗಿ ನೋಡುತ್ತಿದ್ದೆವು. ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಗದಿಗೆವ್ವ ನನ್ನ ಮುಖ ನೋಡಿದಳು. ಇಬ್ಬರ ಬಾಯಿಂದಲೂ ಒಮ್ಮೆಲೇ ಬಂತು:

"ಬೆಲ್ಟು!"

ನಮ್ಮ ಗಾಣಕ್ಕೆ ಮೋಟಾರಿನಿಂದ ಪಟ್ಟೆ ಬೆಲ್ಟು ಇತ್ತು. ಅದರ ಮೇಲೆ ಎಣ್ಣೆ ಚೆಲ್ಲಿತೆಂದರೆ ಮೋಟಾರು ಗಿರ್ರನೆ ತಿರುಗುತ್ತಿತ್ತು, ಗಾಣ ಸುಮ್ಮನೆ ನಿಂತಿರುತ್ತಿತ್ತು. ಬೆಲ್ಟು ಜಾರುತ್ತಿತ್ತು, ಅಷ್ಟೇ. ಆಗ ಗದಿಗೆವ್ವ ಓಡಿಬಂದು ಒಂದು ಹಿಡಿ ರಾಳದ ಪುಡಿ ಒಗೆಯುತ್ತಿದ್ದಳು, ಗಾಣ ಕುಯ್ಯೆಂದು ಹೊರಡುತ್ತಿತ್ತು. ಈ ಗಾಡಿಯ ಹೊಟ್ಟೆಯಲ್ಲೂ ಬೆಲ್ಟಿನಂಥದ್ದು ಏನೋ ಒಂದು ಇಂಜಿನ್ನನ್ನು ಚಕ್ರಕ್ಕೆ ಹಿಡಿದಿದೆ. ಅದು ಎಣ್ಣೆಯಲ್ಲೇ ಮುಳುಗಿದೆ. ಅದಕ್ಕೆ ನಾನು ಹುಡುಕಿ ಹುಡುಕಿ ಹಾಕಿದ್ದೇನು? ಅಂಗಡಿಯಲ್ಲಿ ಎಲ್ಲಕ್ಕಿಂತ ಜಾರುವ ಎಣ್ಣೆ!

"ರಾಳದ ಪುಡಿ ತರಬೇಕಿತ್ತು" ಅಂದಳು ಗದಿಗೆವ್ವ. ಅಂದವಳೇ ನಗತೊಡಗಿದಳು. ದಾರಿಯ ಬದಿ ಕಲ್ಲಿನ ಮೇಲೆ ಕೂತು, ರೊಟ್ಟಿ ಬುಟ್ಟಿ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಗಾಣ ನಿಂತ ಮೇಲೆ ನಾವು ಗಾಣದ ಮಾತನ್ನೇ ಆಡಿರಲಿಲ್ಲ. ನಿನ್ನೆ ಆ ಏರಿನಲ್ಲಿ ಆಡಿದೆವು, ನಕ್ಕೆವು.

ನಗು ಮುಗಿದ ಮೇಲೆ ತನ್ವೀರನಿಗೆ ಫೋನು ಮಾಡಿದೆ. ಕೆಲಸ ಹೋಯಿತು ಅಂತ ಗೊತ್ತಿತ್ತು. ಏನು ಮಾಡಲಿ? ನನ್ನ ಮಾನ ಹೋದರೆ ಬಂದೀತು, ರೊಟ್ಟಿ ಊಟಕ್ಕೆ ಮುಟ್ಟಬೇಕಲ್ಲ. ಅವನು ಶಿರಹಟ್ಟಿಯಲ್ಲೇ ಇದ್ದ, ಬೇಗ ಬಂದ. ಹಲ್ಲು ಕಿರಿಯಲಿಲ್ಲ, ಸುಮ್ಮನೆ ಬುಟ್ಟಿ ಎತ್ತಿ ಕೌದಿಯ ಮೇಲೆ ಇಟ್ಟ. ನಾನೇ ಒಂದೊಂದರ ಸುತ್ತಲೂ ಅರಿವೆ ತುರುಕಿದೆ.

"ಅವ್ವಾರ, ನೀವು ಮುಂದ ಕುಂಡ್ರಿ. ಜಲ್ದಿ ಮುಟ್ಟಿಸ್ತೀನಿ" ಅಂದ ಗದಿಗೆವ್ವನಿಗೆ.

"ರೊಟ್ಟಿ ಮುಟ್ಟಿಸಪ್ಪ ಸಾಕು. ಹಿಂದ ಬರಾಕತ್ತಾರಂತ ಅಮೀನಬಿಗೆ ಹೇಳು" ಅಂದಳು. "ನಾ ಇವರ ಕೂಡ ಬರ್ತೀನಿ."

ಟೆಂಪೋ ಹೋಯಿತು. ನಾವು ಗಾಡಿ ನೂಕುತ್ತ ಏರು ಹತ್ತಿದೆವು. ಮೊದಲ ಗೇರಿನಲ್ಲಿ ಸ್ವಲ್ಪವೇ ತಿರುವಿದರೆ ತಾನೂ ಒಂದಿಷ್ಟು ಎಳೆಯುತ್ತಿತ್ತು. ಮೇಲೆ ಮುಟ್ಟಿದಾಗ ಗದಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಿಂತುಬಿಟ್ಟಳು. ಗುಡ್ಡದ ತುಂಬ ಗಾಳಿಯಂತ್ರಗಳು ತಿರುಗುತ್ತಿದ್ದವು. ಕೆಳಗೆ ಹೊಲ, ಹೊಲದಾಚೆ ಊರು, ಊರಾಚೆ ಮತ್ತೆ ಹೊಲ, ಬಹಳ ದೂರದಲ್ಲಿ ಹೊಳೆ ಬೆಳ್ಳಗೆ ಕಾಣುತ್ತಿತ್ತು.

"ಇಷ್ಟ ದೊಡ್ಡ ಐತೇನ್ರಿ?" ಅಂದಳು.

ಏನು ಅಂತ ನಾನು ಕೇಳಲಿಲ್ಲ. ಮದುವೆ ಮುಂಜಿಗೆ ಬಸ್ಸಿನ ನಡುಸೀಟಿನಲ್ಲಿ ಕೂತು ಹೋದದ್ದು ಬಿಟ್ಟರೆ ಅವಳು ನೋಡಿದ್ದು ಗಾಣ ಮತ್ತು ಒಲೆ. ಇಷ್ಟು ವರ್ಷ ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನಿಂತು ನೋಡಲಿ ಅಂತ ನಾನೂ ನಿಂತೆ.

ಇಳಿಜಾರಿನಲ್ಲಿ ಗಾಡಿಗೆ ಎಣ್ಣೆಯ ಹಂಗಿಲ್ಲ, ಝುಂ ಅಂತ ಬಂತು. ನಾವು ಮುಟ್ಟಿದಾಗ ಬೀಗರು ಎರಡನೆಯ ಸಲ ರೊಟ್ಟಿ ಕೇಳುತ್ತಿದ್ದರು. ಎಲ್ಲವೂ ಇಡಿಯಾಗಿ, ಹುಣ್ಣಿಮೆ ಚಂದ್ರನ ಹಾಗೆ. ವಿಜಯಪುರದ ಒಬ್ಬ ಮುದುಕ ರೊಟ್ಟಿ ಎತ್ತಿ ಬಿಸಿಲಿಗೆ ಹಿಡಿದು, "ಇದನ್ನ ಬಡದ ಕೈ ಯಾವುದು?" ಅಂದ. ಅಮೀನಬಿ ಗದಿಗೆವ್ವನನ್ನು ಎಳೆದು ತಂದು ನಿಲ್ಲಿಸಿದಳು. ಅವಳು ನೆಲ ನೋಡುತ್ತಿದ್ದಳು. ನಾನು ಎಲ್ಲರ ಮುಖ ನೋಡುತ್ತಿದ್ದೆ. ಇಂಥ ಹೆಮ್ಮೆ ನನಗೆ ನಮ್ಮ ಎಣ್ಣೆಯ ಮೇಲೂ ಇರಲಿಲ್ಲ, ಖರೆ ಹೇಳುತ್ತೇನೆ.

ಊಟವಾದ ಮೇಲೆ ಅಮೀನಬಿಯ ಅಳಿಯ ಖಾಜಾಸಾಬ, ಅಲ್ಲೇ ಗ್ಯಾರೇಜು ಇಟ್ಟವನು, ಮಂಗನಿಗೆ ಹಾಕಿದ ಹೊಸ ಅಂಗಿಯಲ್ಲೇ ಗಾಡಿ ಬಿಚ್ಚಲು ಕುಳಿತ. ಯಾವ ಎಣ್ಣೆ ಅಂತ ಅವನು ಬಾಯಿ ತೆರೆಯುವ ಮೊದಲು ನಾನೇ ಕೇಳಿದೆ, "ಕಾರಿನ ಎಣ್ಣಿ ಹಾಕೀನಿ. ಇದಕ್ಕ ಯಾವುದು ಹಾಕಬೇಕಪ್ಪ?"

ಹಿಂದೆ ನಿಂತಿದ್ದ ಗದಿಗೆವ್ವ ಕೆಮ್ಮಿದಳು.

"ಕಾರಿನ ಕ್ಲಚ್ಚು ಹೊರಗ ಒಣಗಿರ್ತೈತ್ರಿ, ಎಣ್ಣಿ ಎಷ್ಟ ಜಾರಿದ್ರೂ ನಡೀತೈತಿ" ಅಂದ ಖಾಜಾಸಾಬ. "ನಿಮ್ಮ ಗಾಡಿದು ಇಂಜಿನ್ ಎಣ್ಣ್ಯಾಗ ಮುಳಗಿರ್ತೈತಿ. ಇಂಜಿನ್ನಿಗೆ ಜಾರಬೇಕು, ಕ್ಲಚ್ಚಿಗೆ ಹಿಡೀಬೇಕು. ಅದಕ್ಕ ಬೈಕಿನ ಎಣ್ಣಿನ ಬ್ಯಾರೆ."

ಕ್ಲಚ್ಚಿನ ಬಿಲ್ಲೆಗಳನ್ನು ತೆಗೆದು ತೊಳೆದು, ಉಸುಕಿನ ಕಾಗದದಿಂದ ತುಸು ತಿಕ್ಕಿದ. ಗಾಡಿಯ ಕಂಪನಿ ಹೇಳಿದ ಅಂಕಿ, ಬೈಕಿನ ಗುರುತು ಎರಡೂ ಇರುವ ಡಬ್ಬಿ ತಂದ. ಚಟ ಬಿಡುವುದಿಲ್ಲ, ಒಂದು ಹನಿ ಬೆರಳಲ್ಲಿ ತಿಕ್ಕಿ ನೋಡಿದೆ. ಸಾದಾ ಎಣ್ಣೆ. ಹೆಮ್ಮೆಪಡುವಂಥದ್ದು ಏನೂ ಇರಲಿಲ್ಲ. ಹಾಕಿಸಿದೆ. ಇಬ್ಬರನ್ನೂ ಹೊತ್ತು ಬಯಲ ದಾರಿಯಲ್ಲಿ ಗಾಡಿ ಹೊತ್ತು ಮುಳುಗುವ ಮೊದಲೇ ಬೆಟಗೇರಿ ಮುಟ್ಟಿಸಿತು. ಕೆಲಸದ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಫೆಬ್ರವರಿ ೨೨, ಶನಿವಾರ

ವಾರವಿಡೀ ನಾನೇ ಒಯ್ದೆ. ಬೇಡ ಅಂತ ಅವಳು ಅಂದಿಲ್ಲ. ಗಾಡಿ ಕೂಗುವುದಿಲ್ಲ, ಜಿಗಿಯುವುದಿಲ್ಲ, ಹೇಳಿದ ಮಾತು ಕೇಳುತ್ತದೆ. ಲಕ್ಷ್ಮೇಶ್ವರದಲ್ಲಿ ಮಕ್ಕಳು "ರೊಟ್ಟಿ ಅಜ್ಜ ಬಂದ" ಅಂತ ಕೂಗಿದವು. ಗಾಡಿ ನಿಲ್ಲಿಸಿ 'ಪೋಂ ಪೋಂ' ಹಾರ್ನು ಒತ್ತಲು ಕೊಟ್ಟೆ. ಮುಂಡರಗಿಯಿಂದ ದಿನಾ ಫೋನು, ವಿಜಯಪುರದಿಂದಲೂ ಒಂದು. ಒಲೆ ಮೂರಾಗಿದೆ.

ಶಿವರಾತ್ರಿ ಹತ್ತಿರ ಬಂತು. ನೆನಪಾದರೆ ಊಟ ಸೇರುವುದಿಲ್ಲ.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ. ಸ್ನಾನ ಮಾಡಿ ಹೊರಗೆ ಬಂದರೆ ನಮ್ಮ ಬಾಗಿಲಲ್ಲಿ ತನ್ವೀರನ ಟೆಂಪೋ. ಕಟ್ಟೆಯ ಮೇಲೆ ಕೂತು ಅವನು ಚಹಾ ಕುಡಿಯುತ್ತಿದ್ದ. ನಾಳೆಯಿಂದ ಯಾವ ಊರಿಗೆ ಎಷ್ಟು ಬುಟ್ಟಿ ಅಂತ ಗದಿಗೆವ್ವ ಅವನಿಗೆ ಬೆರಳು ಮಡಿಚಿ ಹೇಳುತ್ತಿದ್ದಳು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲವೂ. ಅವನು ಹೋಗುವತನಕ ಶೆಡ್ಡಿನಲ್ಲಿ ಸುಮ್ಮನೆ ಬುಟ್ಟಿ ಜೋಡಿಸಿದೆ, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ.

ಆಮೇಲೆ ಕೇಳಿಯೇಬಿಟ್ಟೆ. "ಗುಡ್ಡದಾಗ ಕೈ ಕೊಟ್ಟೆ, ಖರೆ. ಆದ್ರ ಈ ವಾರ ಏನರ ಮುರದೀನೇನು?"

"ಒಂದೂ ಮುರದಿಲ್ಲ."

"ಮತ್ಯಾಕ?"

ಅವಳು ಒಳಗೆ ಹೋದಳು. ಬಂದಾಗ ಇಳಕಲ್ ಸೀರೆ ಉಟ್ಟಿದ್ದಳು, ಹೊಸ ಚಪ್ಪಲಿ ಮೆಟ್ಟಿದ್ದಳು, ಕಂಕುಳಲ್ಲಿ ಚೀಲ. ಕನ್ನಡಕವೂ ಇತ್ತು, ಎಲ್ಲಿ ಸಿಕ್ಕಿತೋ.

"ರೊಟ್ಟಿ ಒಯ್ಯಾಕ ಟೆಂಪೋ ಐತಿ" ಅಂದಳು. "ನನ್ನ ಒಯ್ಯಾವ್ರು ಯಾರದಾರ?"

"ಎಲ್ಲಿಗೆ?" ಅಂದೆ.

"ಬೆಳ್ಳಟ್ಟಿಗೆ. ಅಲ್ಲಿ ಯಾರರ ರೊಟ್ಟಿ ಕೇಳ್ತಾರೇನು ನೋಡಾಕ."

"ಇವತ್ತ ಶಿವರಾತ್ರಿ! ಊರಿಗೆ ಊರೇ ಉಪಾಸ ಇರ್ತೈತಿ. ರೊಟ್ಟಿ ಯಾರು ಕೇಳ್ತಾರ?"

"ನನಗೂ ಗೊತ್ತೈತಿ" ಅಂದಳು ಗದಿಗೆವ್ವ. "ನಡ್ರಿ."

ದುರಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಓಣಿಯವರೆಲ್ಲ ನೋಡುತ್ತಿದ್ದರು. ಗದಿಗೆವ್ವ ಹಿಂದೆ ಕುಳಿತು ನನ್ನ ಹೆಗಲ ಮೇಲೆ ಕೈಯಿಟ್ಟಳು. ಒಂದೇ ಸಲಕ್ಕೆ ಗಾಡಿ ಚಾಲೂ ಆಯಿತು. ಬೆಳ್ಳಟ್ಟಿ ನೋಡಿದೆವು, ಗುಡಿಗೆ ಹೋದೆವು, ಬೇವಿನ ನೆರಳಿಗೆ ಕೂತು ಬಾಳೆಹಣ್ಣು, ಖರ್ಜೂರ ತಿಂದೆವು. ಆ ಕಡೆ ಯಾವ ಊರು, ಈ ಕಡೆ ಯಾವ ಊರು ಅಂತ ಅವಳು ಕೇಳುತ್ತಲೇ ಇದ್ದಳು, ಗೊತ್ತಿದ್ದನ್ನು ಹೇಳಿದೆ, ಗೊತ್ತಿಲ್ಲದ್ದನ್ನು ದಾರಿಹೋಕರನ್ನು ಕೇಳಿದೆ. ಒಂದು ರೊಟ್ಟಿಯೂ ಮಾರಲಿಲ್ಲ. ಬಹಳ ಚಲೋ ಆಯಿತು.